ಸಂಸದರೇ, ಬೆಳಗಿನ ಗಾಡಿ ಹೊತ್ತಿಗೆ ಸರಿಯಾಗಿ ಬಾಗಲಕೋಟೆಗೆ ಬರಲಿ

ನಮ್ಮ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ನಮಸ್ಕಾರ ಸಾಹೇಬರೇ.

ನಾನು ಬಾದಾಮಿಯವನು. ಬಾಗಲಕೋಟೆ ನವನಗರದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಂಬತ್ತು ವರ್ಷದಿಂದ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಪಾಸ್ ತೆಗೆಸಿ ಓಡಾಡುತ್ತಿದ್ದೇನೆ. ಇಷ್ಟು ವರ್ಷ ಯಾರಿಗೂ ಕಾಗದ ಬರೆದವನಲ್ಲ. ಸ್ಟೇಷನ್ನಿನ ದೂರು ಪುಸ್ತಕದಲ್ಲಿ ನಾಲ್ಕು ಸಲ ಬರೆದೆ, ಅಷ್ಟೇ. ಕಳೆದ ತಿಂಗಳು ನಮ್ಮ ಅವ್ವನಿಗೆ ಆದದ್ದನ್ನು ನೋಡಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ಕೇಳುವುದು ಒಂದೇ. ಬೆಳಗಿನ ಗಾಡಿ ವೇಳಾಪಟ್ಟಿಯಲ್ಲಿ ಬರೆದ ಹೊತ್ತಿಗೆ ಬಾಗಲಕೋಟೆಗೆ ಬರಬೇಕು.

ಅವ್ವನ ಎರಡೂ ಕಿಡ್ನಿ ಹೋಗಿವೆ. ಸೋಮವಾರ, ಗುರುವಾರ ಬಾಗಲಕೋಟೆಯಲ್ಲಿ ಡಯಾಲಿಸಿಸ್. ಒಮ್ಮೆ ಹೋದರೆ ನಾಲ್ಕು ತಾಸು. ಒಬ್ಬರು ಎದ್ದರೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಹೊತ್ತು ತಪ್ಪಿದರೆ ಮಷಿನ್ ಮುಂದಿನವರಿಗೆ. ಅದು ಆಸ್ಪತ್ರೆಯವರ ತಪ್ಪಲ್ಲ.

ಬಸ್ಸಿಗೆ ಹೋಗಬಹುದಲ್ವಾ ಎಂದು ನೀವು ಕೇಳಬಹುದು. ಹೆಣ್ಣುಮಕ್ಕಳಿಗೆ 2023ರಿಂದ ಬಸ್ಸು ಪುಕ್ಕಟೆ, ನಿಜ. ಆದರೆ ಆ ಹೊತ್ತಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೂಜಿ ಹಾಕಲೆಂದು ಅವ್ವನ ಎಡಗೈಗೆ ಆಪರೇಷನ್ ಮಾಡಿ ಫಿಸ್ಟುಲಾ ಮಾಡಿದ್ದಾರೆ. ಆ ಕೈಗೆ ಪೆಟ್ಟು ಬೀಳಬಾರದು, ಭಾರ ಬೀಳಬಾರದು. ನೂಕುನುಗ್ಗಲಿನಲ್ಲಿ ಅದನ್ನು ಹೇಗೆ ಕಾಯಲಿ? ಗಾಡಿಯಲ್ಲಾದರೆ ಬಾತ ಕಾಲು ಚಾಚಿ, ಕಿಟಕಿ ಕಡೆ ಕೈ ಇಟ್ಟುಕೊಂಡು ಕುಳಿತುಕೊಳ್ಳುತ್ತಾಳೆ. ಊರಿನಿಂದ ಬಾದಾಮಿ ಸ್ಟೇಷನ್ ಐದು ಕಿ.ಮೀ. ದೂರ. ಅಲ್ಲಿಗೂ ಟಂಟಂ ಮಾಡಿಕೊಂಡು, ಅರ್ಧ ತಾಸು ಮೊದಲೇ ಹೋಗಿ ಕೂರುತ್ತೇವೆ. ನಾವು ಒಂದು ದಿನವೂ ತಡ ಮಾಡಿಲ್ಲ.

ಆ ಸೋಮವಾರ ಗಾಡಿ ಬಾದಾಮಿಗೆ ಬಂದದ್ದೇ ಇಪ್ಪತ್ತು ನಿಮಿಷ ತಡ. ನಡುವಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಲೂಪ್ ಲೈನಿಗೆ, ಅಂದರೆ ಬೇರೆ ಗಾಡಿಗೆ ದಾರಿ ಬಿಡುವ ಪಕ್ಕದ ಹಳಿಗೆ, ಹಾಕಿ ನಿಲ್ಲಿಸಿದರು. ಒಂದು ಗೂಡ್ಸ್ ಹೋಯಿತು. ಇನ್ನು ಬಿಡುತ್ತಾರೆ ಅಂದುಕೊಂಡೆವು. ಮತ್ತೊಂದು ಗೂಡ್ಸ್ ಹೋಯಿತು. ಆಮೇಲೆ ಒಂದು ಎಕ್ಸ್‌ಪ್ರೆಸ್. ಒಂದು ತಾಸು ಹತ್ತು ನಿಮಿಷ ಅಲ್ಲೇ. ಮೈಕಿನಲ್ಲಿ ಒಂದು ಮಾತಿಲ್ಲ. ನಾನು ಇಳಿದು ಹೋಗಿ ಸ್ಟೇಷನ್ನಿನವರನ್ನು ಕೇಳಿದೆ. "ಕಂಟ್ರೋಲ್‌ನವರು ಹೇಳಬೇಕ್ರೀ, ನಮ್ಮ ಕೈಯಾಗ ಏನೂ ಇಲ್ಲ" ಅಂದರು. ಹೊರಗೆ ಹೋಗಿ ನೋಡಿದೆ, ಒಂದು ಟಂಟಂ ಕೂಡ ಇರಲಿಲ್ಲ. ಅವ್ವ ಕಿಟಕಿಯಿಂದ ಕರೆದಳು. "ಕುಂದ್ರಪಾ, ನೀ ಓಡ್ಯಾಡಿದ್ರ ಗಾಡಿ ಬಿಡತೈತೇನು?"

ನಾವು ಮುಟ್ಟುವಷ್ಟರಲ್ಲಿ ಅವ್ವನ ಮಷಿನ್ ಮೇಲೆ ಬೇರೆಯವರು ಮಲಗಿದ್ದರು. ನಾಳೆ ಬನ್ನಿ ಅಂದರು. ಆ ರಾತ್ರಿ ನೀರು ಎದೆಗೇರಿ ಅವಳಿಗೆ ಉಸಿರು ಸಿಗಲಿಲ್ಲ. ಮಲಗಲು ಆಗದೆ ಗೋಡೆಗೆ ಒರಗಿ ಕುಳಿತಿದ್ದಳು. ರಾತ್ರಿ ಎರಡಕ್ಕೆ 2,500 ರೂಪಾಯಿ ಕೊಟ್ಟು ಕಾರು ಮಾಡಿಕೊಂಡು ಓಡಿದೆವು. ಎರಡು ದಿನದ ಪಗಾರವೂ ಹೋಯಿತು. ಅದು ಹೋಗಲಿ. ಡಯಾಲಿಸಿಸ್ ತಪ್ಪಿಸಬಾರದು ಅಂತ ಗೊತ್ತಿಲ್ವಾ ಎಂದು ಡಾಕ್ಟರು ನನ್ನನ್ನೇ ಬೈದರು. ಗಾಡಿ ತಡ ಆಯಿತು ಎನ್ನಲು ನನಗೆ ಬಾಯಿ ಬರಲಿಲ್ಲ.

ಆ ದಿನದ್ದೇ ಗಾಡಿಯನ್ನು ಆಮೇಲೆ ಮೊಬೈಲಿನಲ್ಲಿ ನೋಡಿದೆ. ಕೊನೆಯ ಸ್ಟೇಷನ್ನಿಗೆ ಬರೀ ಇಪ್ಪತ್ತೈದು ನಿಮಿಷ ತಡ ಎಂದಿತ್ತು. ನಮಗೆ ಒಂದೂವರೆ ತಾಸು ಹೋದ ಗಾಡಿ ಅದು! ವೇಳಾಪಟ್ಟಿ ಇಟ್ಟುಕೊಂಡು ಕುಳಿತರೆ ಇದರ ಗುಟ್ಟು ಯಾರಿಗಾದರೂ ತಿಳಿಯುತ್ತದೆ. ಕೊನೆಯ ಎರಡು ಸ್ಟೇಷನ್ ನಡುವೆ ಹೋಗುವ ಗಾಡಿಗೆ ಜಾಸ್ತಿ ಹೊತ್ತು ಕೊಟ್ಟಿರುತ್ತಾರೆ. ಅದೇ ದೂರಕ್ಕೆ ತಿರುಗಿ ಬರುವ ಗಾಡಿಗೆ ಅದರ ಅರ್ಧವೂ ಇರುವುದಿಲ್ಲ. ದಾರಿಯಲ್ಲಿ ಆದ ತಡವೆಲ್ಲ ಅಲ್ಲಿ ಮುಚ್ಚಿಹೋಗುತ್ತದೆ. ಹೊತ್ತಿಗೆ ಬಂತೋ ಇಲ್ಲವೋ ಎಂದು ಲೆಕ್ಕ ಹಿಡಿಯುವುದೂ ಕೊನೆಯ ಸ್ಟೇಷನ್ನಿನಲ್ಲೇ. ನಡುವೆ ಇಳಿಯುವ ನಾವು ಆ ಲೆಕ್ಕದಲ್ಲೇ ಇಲ್ಲ. ನಾನೂ ಲೆಕ್ಕ ಬರೆಯುವವನು ಸಾಹೇಬರೇ. ನಾನು ಹೀಗೆ ಬರೆದರೆ ಮಾಲೀಕರು ಸಂಜೆಯೇ ಕೆಲಸ ಬಿಡಿಸುತ್ತಾರೆ.

ಒಂಟಿ ಹಳಿ ಇದೆ, ಕ್ರಾಸಿಂಗ್ ಆಗಬೇಕು, ತಾಳಿಕೊಳ್ಳಿ ಎಂದು ಮೊದಲು ಹೇಳುತ್ತಿದ್ದರು. ತಾಳಿಕೊಂಡೆವು. ನಮ್ಮ ಲೈನು ಸೇರಿದ ಗದಗ–ಹೊಟಗಿ 284 ಕಿ.ಮೀ. ಜೋಡಿ ಹಳಿ ಕೆಲಸಕ್ಕೆಂದು ದಿನಗಟ್ಟಲೆ ಗಾಡಿ ರದ್ದು ಮಾಡಿದರು. ಆಗಲೂ ತಾಳಿಕೊಂಡೆವು. 2020ರಲ್ಲಿ ಕೊರೊನಾಕ್ಕೆ ನಿಂತ ಪ್ಯಾಸೆಂಜರ್‌ಗಳು ಎಕ್ಸ್‌ಪ್ರೆಸ್ ದರದಲ್ಲಿ ತಿರುಗಿ ಬಂದವು. 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ 30 ಆಯಿತು. 2024ರಲ್ಲಿ ಇಳಿಸುವ ತನಕ ಜನ ಅದನ್ನೂ ಕೊಟ್ಟರು. ಇನ್ನೂ ಎಷ್ಟು ತಾಳಬೇಕು, ನೀವೇ ಹೇಳಿ. ಅಮೃತ ಭಾರತ ಯೋಜನೆಯಲ್ಲಿ ಬಾಗಲಕೋಟೆ ಸ್ಟೇಷನ್ ಹೊಸದಾಗಿ 2025ರ ಮೇ ತಿಂಗಳಲ್ಲಿ ಉದ್ಘಾಟನೆ ಆಯಿತು. ನಮಗೂ ಸಂತೋಷವೇ. ಆದರೆ ಅವ್ವನಿಗೆ ಬೇಕಾದದ್ದು ಹೊತ್ತಿಗೆ ಬರುವ ಗಾಡಿ.

ಬಾಗಲಕೋಟೆಯಿಂದ ಕುಡಚಿಗೆ 142 ಕಿ.ಮೀ. ಹೊಸ ಲೈನಿಗೆ ಒಪ್ಪಿಗೆ ಸಿಕ್ಕದ್ದು 2010ರಲ್ಲಿ. ಅದರ ಬಗ್ಗೆ ಮಾತಾಡುವವರು ಬೇರೆ ಇದ್ದಾರೆ, ಅವರದ್ದೂ ನ್ಯಾಯವೇ. ನಾನು ಹೊಸ ಹಳಿ ಕೇಳುತ್ತಿಲ್ಲ, ಹೊಸ ಗಾಡಿ ಕೇಳುತ್ತಿಲ್ಲ. ಇರುವ ಬೆಳಗಿನ ಗಾಡಿ ಹೊತ್ತಿಗೆ ಬಾಗಲಕೋಟೆಗೆ ಬರಲಿ.

ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ರೈಲ್ವೆ ಜನರಲ್ ಮ್ಯಾನೇಜರ್ ಸಂಸದರ ಸಭೆ ಕರೆದಾಗ ಇದನ್ನು ಎತ್ತಿ. ಲೋಕಸಭೆಯಲ್ಲೂ ಒಂದು ಪ್ರಶ್ನೆ ಹಾಕಿ. ಬೆಳಗಿನ ಪ್ಯಾಸೆಂಜರ್ ಕಳೆದ ಒಂದು ವರ್ಷದಲ್ಲಿ ಎಷ್ಟು ದಿನ ಹೊತ್ತಿಗೆ ಬಾಗಲಕೋಟೆಗೆ ಬಂತು? ಬಾಗಲಕೋಟೆಯ ಲೆಕ್ಕವನ್ನೇ ಕೇಳಿ, ಕೊನೆಯ ಸ್ಟೇಷನ್ನಿನದು ಬೇಡ. ಬೆಳಿಗ್ಗೆ ಜನ ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗುವ ಆ ಎರಡು ತಾಸು ಗೂಡ್ಸ್‌ಗಾಗಿ ಪ್ಯಾಸೆಂಜರ್ ಅನ್ನು ಲೂಪಿಗೆ ಹಾಕಬೇಡಿ ಎಂದು ಹೇಳಿ. ನಿಲ್ಲಿಸಲೇಬೇಕಾದರೆ ಎಷ್ಟು ಹೊತ್ತು ಎಂದು ಮೈಕಿನಲ್ಲಾದರೂ ಹೇಳಲಿ. ಮೊದಲೇ ಗೊತ್ತಾದರೆ ಸಾಲ ಮಾಡಿಯಾದರೂ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ.

ನಿಮ್ಮ ಉತ್ತರ ಬರವಣಿಗೆಯಲ್ಲೇ ಬೇಕು. ಬೇಗ ಬೇಕು. ಸೋಮವಾರ ನಾನು ಮತ್ತೆ ಅವ್ವನನ್ನು ಅದೇ ಗಾಡಿಗೆ ಹತ್ತಿಸಬೇಕು.

ಇಂತಿ,
ಬಾದಾಮಿ–ಬಾಗಲಕೋಟೆ ನಡುವಿನ ಒಬ್ಬ ಪಾಸ್‌ದಾರ