ಓಡುವ ಕಾರಿನಲ್ಲಿ ವಿಡಿಯೊ ಬೇಡ

ಮಾನ್ಯರೇ,

ಕಾರು ಓಡಿಸುತ್ತಲೇ ಡ್ಯಾಶ್‌ಬೋರ್ಡ್‌ನ ಪರದೆಯಲ್ಲಿ ವಿಡಿಯೊ ನೋಡುವುದು ಜಾಸ್ತಿಯಾಗುತ್ತಿದೆ. ಮೊನ್ನೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನಾವು ಬರುತ್ತಿದ್ದ ಬಾಡಿಗೆ ಕಾರಿನ ಚಾಲಕರು ಮದ್ದೂರು ದಾಟುವವರೆಗೂ ಕ್ರಿಕೆಟ್ ನೋಡುತ್ತಿದ್ದರು. ಪಕ್ಕದಲ್ಲಿ ಮೊಮ್ಮಗಳಿದ್ದಳು. ಜೀವ ಕೈಯಲ್ಲಿ ಹಿಡಿದು ಕುಳಿತಿದ್ದೆ. ಆ ರಸ್ತೆಯ ವೇಗಮಿತಿ ಗಂಟೆಗೆ 100 ಕಿ.ಮೀ. ಆ ವೇಗದಲ್ಲಿ ಎರಡೇ ಸೆಕೆಂಡ್ ಕಣ್ಣು ಪರದೆಯ ಕಡೆ ಹೋದರೂ ಕಾರು ಸುಮಾರು 55 ಮೀಟರ್ ಮುಂದೆ ಹೋಗಿರುತ್ತದೆ.

ಪರದೆ ಇರುವ ಅನೇಕ ಕಾರ್ ಸ್ಟೀರಿಯೊಗಳಲ್ಲಿ ಹ್ಯಾಂಡ್‌ಬ್ರೇಕ್ ಎಳೆದಾಗ ಮಾತ್ರ ವಿಡಿಯೊ ಬರುವ ವ್ಯವಸ್ಥೆ ಇದೆ. ಅದಕ್ಕೆಂದೇ ಒಂದು ವೈರ್ ಇರುತ್ತದೆ. ಅದನ್ನು ಹ್ಯಾಂಡ್‌ಬ್ರೇಕ್‌ಗೆ ಜೋಡಿಸದೆ ನೇರವಾಗಿ ಅರ್ತಿಂಗ್‌ಗೆ (ಕಾರಿನ ಲೋಹದ ಮೈಗೆ) ಕೊಟ್ಟರೆ, ಕಾರು ನಿಂತೇ ಇದೆ ಎಂದು ಸ್ಟೀರಿಯೊ ಅಂದುಕೊಳ್ಳುತ್ತದೆ. ಫಿಟ್ಟಿಂಗ್ ಅಂಗಡಿಗಳಲ್ಲಿ ಇದು ನಿಮಿಷದ ಕೆಲಸ. ಆದರೆ ಆ ವೈರ್ ಸುಮ್ನೆ ಇಟ್ಟದ್ದಲ್ಲ, ಅಲ್ವಾ?

ಬಾಡಿಗೆ ಕಾರುಗಳ ಎಫ್‌ಸಿ (ವಾಹನ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡುವಾಗ ಆರ್‌ಟಿಒ ಸಿಬ್ಬಂದಿ ಹ್ಯಾಂಡ್‌ಬ್ರೇಕ್ ಇಳಿಸಿ, ವಿಡಿಯೊ ಬರುತ್ತದೆಯೇ ಎಂದು ಒಮ್ಮೆ ನೋಡಲಿ. ಬಂದರೆ, ವೈರಿಂಗ್ ಸರಿ ಮಾಡಿಸಿಕೊಂಡು ಬರುವವರೆಗೆ ಎಫ್‌ಸಿ ಕೊಡಬಾರದು.

– ಓದುಗ, ಮಂಡ್ಯ