ಮಗಳಿಗೊಂದು ಪತ್ರ: ಒಂದೇ ಬೆಟ್ಟದ ಎರಡು ನರಿ

ಪುಟ್ಟೀ,

ಮೊನ್ನೆ ವಿಡಿಯೋ ಕಾಲಲ್ಲಿ "ಅಪ್ಪಾ, ಬಿಳಿ ನರಿ ಕೆಂಪು ನರಿ ಒಂದೇ ಕಡೆ ಇದ್ರೆ ಊಟಕ್ಕೆ ಕಿತ್ತಾಡಲ್ವಾ" ಅಂದೆ, ಅಷ್ಟರಲ್ಲಿ ನೆಟ್‌ವರ್ಕ್ ಹೋಯ್ತು. ಭಾನುವಾರ ಇಲ್ಲಿ ನಾರ್ವೆಯ ಡೋವ್ರೆ ಬೆಟ್ಟದ ಕಡೆ ಹೋಗಿದ್ನಲ್ಲ, ಅಲ್ಲಿಂದ ಬಂದಾಗಿಂದ ನಿನ್ನ ಪ್ರಶ್ನೇನೇ ತಲೇಲಿ.

ಕಿತ್ತಾಡತ್ತೆ ಮಗಳೇ. ಬಿಳಿ ನರಿಗೆ ಲೆಮಿಂಗ್ ಅಂದ್ರೆ ಪ್ರಾಣ, ನಿನ್ನ ಅಂಗೈಲಿ ಕೂರೋ ಅಂಥ ಗಿಡ್ಡ ಬಾಲದ ಗುಂಡು ಇಲಿ ಅದು, ಚಳಿಗಾಲ ಪೂರ್ತಿ ಹಿಮದ ಅಡಿ ಸುರಂಗ ಮಾಡ್ಕೊಂಡು ಪಾಚಿ ತಿಂತಾ ಓಡಾಡ್ತಿರತ್ತೆ, ನರಿ ಮೇಲೆ ನಿಂತು ಕಿವಿ ಆಚೆ ಈಚೆ ತಿರುಗಿಸಿ ಕೇಳತ್ತೆ, ಸದ್ದು ಎಲ್ಲಿಂದ ಅಂತ ಗೊತ್ತಾದ ತಕ್ಷಣ ಚಂಗನೆ ಹಾರಿ ಮೂತಿ ಮುಂದಾಗಿ ಹಿಮದೊಳಗೆ ನುಗ್ಗತ್ತೆ. ಗ್ಲೌಸ್ ಹಾಕ್ಕೊಂಡಿದ್ದ ಒಬ್ರು ಒಣಗಿದ ನರಿ ಹಿಕ್ಕೆ ಒಡೆದು ತೋರಿಸಿದ್ರು, ಒಳಗೆ ಬರೀ ಕೂದಲು, ಮಧ್ಯ ಉಗುರಿನಷ್ಟೂ ಇಲ್ಲದ ಒಂದು ದವಡೆ, ಹಲ್ಲು ಇನ್ನೂ ಹಾಗೇ ಇತ್ತು! ಯಾವ ನರಿ ಏನು ತಿಂತು ಅಂತ ಹಿಂಗೇ ಪತ್ತೆ ಮಾಡ್ತಾರಂತೆ.

ಮೂರ್ನಾಲ್ಕು ವರ್ಷಕ್ಕೊಮ್ಮೆ ಲೆಮಿಂಗ್ ರಾಶಿ ರಾಶಿ ಆದಾಗ ಬಿಳಿ ನರಿ ಹತ್ತಕ್ಕೂ ಜಾಸ್ತಿ ಮರಿ ಹಾಕತ್ತೆ, ಇಲ್ಲದ ವರ್ಷ ಎಷ್ಟೋ ಜೋಡಿ ಮರೀನೇ ಹಾಕಲ್ಲ. ಕೆಂಪು ನರಿಗೂ ಇಲಿ ಇಷ್ಟಾನೇ, ಆದ್ರೆ ಅದು ಸಿಗದಿದ್ರೆ ಮೊಲ, ಹಕ್ಕಿ, ಬೆರ್ರಿ ಹಣ್ಣು, ರೋಡಲ್ಲಿ ಗಾಡಿಗೆ ಸಿಕ್ಕಿ ಸತ್ತಿದ್ದು, ಜನ ಬಿಸಾಕಿದ್ದು, ಏನಾದ್ರೂ ತಿಂದು ಹೊಟ್ಟೆ ತುಂಬಿಸ್ಕೊಳ್ಳತ್ತೆ. ಸತ್ತ ಹಿಮಸಾರಂಗ ಎರಡೂ ತಿನ್ನತ್ತೆ, ಆದ್ರೆ ಕೆಂಪುದು ಬಂತು ಅಂದ್ರೆ ಬಿಳಿದು ಜಾಗ ಬಿಡಬೇಕು, ಬಿಳಿದು ಮೂರರಿಂದ ಐದು ಕೆಜಿ, ಕೆಂಪುದು ಹತ್ತಿರ ಹತ್ತಿರ ಅದರ ಎರಡರಷ್ಟು. ಬಿಲಾನೂ ಕಿತ್ಕೊಳ್ಳತ್ತೆ, ಒಂದೊಂದ್ಸಲ ಕೊಂದೇ ಹಾಕತ್ತೆ. ಅದಕ್ಕೇ ಬಿಳಿದು ಇನ್ನೂ ಮೇಲೆ, ಊಟ ಕಮ್ಮಿ ಇರೋ ಕಡೆ ಹೋಗತ್ತೆ. ಕೆಂಪು ನರಿ ಮೇಲೆ ಕೋಪ ಮಾಡ್ಕೋಬೇಡ, ಚಳಿ ಕಮ್ಮಿ ಮಾಡಿ, ರೋಡು ಹಾಕಿ, ಕಸ ಚೆಲ್ಲಿ ಅದನ್ನ ಮೇಲಕ್ಕೆ ಕರೆದವರು ನಾವು.

1930ರಲ್ಲೇ ಇಲ್ಲಿ ಬಿಳಿ ನರಿ ಬೇಟೆ ನಿಲ್ಲಿಸಿದ್ರು, ಆದ್ರೂ ಅದು ಚೇತರಿಸ್ಕೊಳ್ಳಲಿಲ್ಲ. ಈಗ ಬಿಳಿ ನರಿಗೆ ಅಂತ ಬೆಟ್ಟದಲ್ಲಿ ನಾಯಿ ಊಟ ತುಂಬಿದ ಡಬ್ಬ ಇಡ್ತಾರೆ, ಬಾಯಿ ಎಷ್ಟು ಚಿಕ್ಕದು ಅಂದ್ರೆ ಬಿಳಿ ನರಿ ತೂರತ್ತೆ, ಕೆಂಪುದು ಹಿಡಿಸಲ್ಲ. ಅದನ್ನ ಕೇಳಿ ಎಷ್ಟು ಖುಷಿ ಆಯ್ತು ಗೊತ್ತಾ.

ಜುಲೈಲಿ ನೀನೂ ಅಮ್ಮಾನೂ ಬಂದಾಗ ಕರ್ಕೊಂಡ್ಹೋಗ್ತೀನಿ. ಬಿಲದ ಹತ್ರ ಹೋಗೋ ಹಾಗಿಲ್ಲ, ದೂರದಿಂದ ದುರ್ಬೀನಲ್ಲಿ ನೋಡೋಣ. ಕಂದು ಬಣ್ಣದ್ದು ಹುಡುಕು, ಬೇಸಿಗೇಲಿ ಅದು ಬಿಳಿ ಇರಲ್ಲ.

ನಿನ್ನ ಅಪ್ಪ