ನೀನು ಬರೆದ ಆ ಒಂದು ಸಾಲು

ಪುಟ್ಟೀ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯಿತು. ನಿನ್ನಪ್ಪನ ಹೃದಯದ ರಿಪೋರ್ಟು, ಬೈಪಾಸ್ ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿದ್ದು, ಸರ್ಕಾರಿ ಆಸ್ಪತ್ರೆಯೋ ಖಾಸಗಿಯೋ ಅಂತ ಮನೆಯಲ್ಲಿ ನಡೆದ ಮಾತುಕತೆ ಎಲ್ಲವನ್ನೂ ನಿನ್ನ ಅಣ್ಣ ಫೋನಿನಲ್ಲಿ ಹೇಳಿದ್ದಾನೆ. ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಪತ್ರದ ಕೊನೆಯಲ್ಲಿ ನೀನು ಬರೆದ ಒಂದೇ ಸಾಲು. "ಸರ್ಕಾರಿ ಆಸ್ಪತ್ರೆಗೆ ಸೇರಿಸಿ ಏನಾದರೂ ಹೆಚ್ಚುಕಮ್ಮಿ ಆದರೆ, ದುಡ್ಡಿನ ಮುಖ ನೋಡಿ ಅಪ್ಪನನ್ನು ಕಳಕೊಂಡೆ ಅಂತ ಆಗುತ್ತಲ್ವಾ ಅತ್ತೆ?"

ಎಷ್ಟು ಸಲ ಓದಿದೆನೋ ಆ ಸಾಲನ್ನು. 19 ವರ್ಷದ ಹಿಂದೆ ಇದೇ ಮಾತನ್ನು ನಾನು ನನ್ನನ್ನೇ ಕೇಳಿಕೊಂಡಿದ್ದೆ. ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಇವತ್ತು ನಿನಗೆ ಹೇಳುತ್ತೇನೆ.

31 ವರ್ಷ ಸರ್ಕಾರಿ ವಾರ್ಡಿನಲ್ಲಿ ಡ್ಯೂಟಿ ಮಾಡಿದವಳು ನಾನು. ಹೆದರಿಕೊಂಡು ಬಂದ ಎಷ್ಟೋ ಹೆಂಗಸರ ಕೈ ಹಿಡಿದು, "ಭಯ ಪಡಬೇಡಿ, ನಮ್ಮ ಡಾಕ್ಟರು ಇಂಥ ಕೇಸು ದಿನಾ ನೋಡುತ್ತಾರೆ, ನಿಮ್ಮವರಿಗೆ ಏನೂ ಆಗಲ್ಲ" ಅಂದಿದ್ದೇನೆ. ಸುಮ್ನೆ ಸಮಾಧಾನಕ್ಕೆ ಹೇಳಿದ್ದಲ್ಲ. ಮನಸ್ಸಾರೆ ನಂಬಿಯೇ ಹೇಳುತ್ತಿದ್ದೆ. ಆದರೆ ನಿನ್ನ ಮಾವ ಎದೆ ಹಿಡಿದುಕೊಂಡು ಕುಸಿದ ದಿನ, ಗಾಡಿಯ ಡ್ರೈವರು ಎಲ್ಲಿಗೆ ಅಂತ ಕೇಳಿದಾಗ, ನನ್ನ ಬಾಯಿಂದ ಬಂದದ್ದು ಖಾಸಗಿ ಆಸ್ಪತ್ರೆಯ ಹೆಸರು. ಒಂದು ಗಳಿಗೆಯೂ ಯೋಚನೆ ಮಾಡಲಿಲ್ಲ. ನಾನು ಕೆಲಸ ಮಾಡುವ ಜಾಗದಲ್ಲಿ ನನ್ನ ಗಂಡನನ್ನು ಮಲಗಿಸಲು ನನಗೇ ಧೈರ್ಯ ಬರಲಿಲ್ಲ.

ಯಾಕೆ ಅಂತ ಆಮೇಲೆ ತುಂಬಾ ಯೋಚಿಸಿದ್ದೇನೆ. ರಾತ್ರಿ ಹೊತ್ತು ನಮ್ಮ ವಾರ್ಡಿನಲ್ಲಿ ನಲವತ್ತು ಜನ ರೋಗಿಗಳಿಗೆ ಒಬ್ಬಳೇ ನರ್ಸು. ಆ ಒಬ್ಬಳು ಎಷ್ಟೋ ರಾತ್ರಿ ನಾನೇ ಆಗಿದ್ದೆ. ಈ ಮೂಲೆಯಲ್ಲಿ ಡ್ರಿಪ್ ಬದಲಿಸುವಾಗ ಆ ಮೂಲೆಯಲ್ಲಿ ಏನಾಗುತ್ತಿದೆ ಅಂತ ಕಾಣುತ್ತಿರಲಿಲ್ಲ. ಅದು ಗೊತ್ತಿದ್ದ ಭಯ. ಇನ್ನೊಂದು ಭಯವೂ ಇತ್ತು. ನಿನ್ನ ಮಾವನ ಕಡೆಯವರು ಏನಂದುಕೊಳ್ಳುತ್ತಾರೆ ಅನ್ನುವುದು. ನಿನ್ನ ಸಾಲಿನಲ್ಲಿಯೂ ಆ ಎರಡನೇ ಭಯದ ವಾಸನೆ ನನಗೆ ಬಂತು. ತಪ್ಪಾಗಿದ್ದರೆ ಬೇಜಾರು ಮಾಡಿಕೊಳ್ಳಬೇಡ.

22 ದಿನ ಮಾವ ಆ ಖಾಸಗಿ ಆಸ್ಪತ್ರೆಯಲ್ಲಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಹಾಸಿಗೆ ಬಟ್ಟೆ ದಿನಾ ಬದಲಿಸುತ್ತಿದ್ದರು. ಬೆಲ್ ಒತ್ತಿದ ನಿಮಿಷಕ್ಕೆ ಯಾರಾದರೂ ಬರುತ್ತಿದ್ದರು. ನನ್ನ ಜೊತೆ ಎಲ್ಲರೂ ಮೆತ್ತಗೆ ಮಾತಾಡುತ್ತಿದ್ದರು. ಆದರೆ ದಿನಾ ಒಂದು ಹೊಸ ಟೆಸ್ಟು, ದಿನಾ ಒಂದು ಹೊಸ ಕಾಗದ. ತೋರಿಸಿದಲ್ಲೆಲ್ಲ ಸಹಿ ಮಾಡಿದೆ. ನಮ್ಮ ವಾರ್ಡಿನಲ್ಲಿ ಚಿಕ್ಕ ಡಾಕ್ಟರುಗಳನ್ನು ನಿಲ್ಲಿಸಿ "ಇದು ಯಾಕೆ ಬೇಕು?" ಅಂತ ಕೇಳುತ್ತಿದ್ದವಳು, ಅಲ್ಲಿ ಒಂದು ಸಲವೂ ಕೇಳಲಿಲ್ಲ. ಕೇಳಿದರೆ ದುಡ್ಡಿನ ಲೆಕ್ಕ ಹಾಕುತ್ತಿದ್ದೇನೆ ಅಂದುಕೊಳ್ಳುತ್ತಾರೇನೋ ಅಂತ.

ಇಪ್ಪತ್ತನೆಯ ದಿನ ನಮ್ಮ ಆಸ್ಪತ್ರೆಯ ಹಿರಿಯ ಡಾಕ್ಟರೊಬ್ಬರು ನೋಡಲು ಬಂದರು. ಕೇಸ್ ಶೀಟು ಓದಿದರು, ಮಾವನ ತಲೆ ಸವರಿದರು. ಹೊರಗೆ ಬಂದು ಮೆಲ್ಲಗೆ, "ಯಾಕೆ ಸಿಸ್ಟರ್, ನಮ್ಮ ಹತ್ತಿರ ಕರಕೊಂಡು ಬರಲಿಲ್ಲ?" ಅಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ತಲೆ ತಗ್ಗಿಸಿ ನಿಂತೆ. ಇವತ್ತಿಗೂ ಆ ಪ್ರಶ್ನೆ ನೆನಪಾದಾಗ ಹಾಗೇ ನಿಲ್ಲುತ್ತೇನೆ.

ನಮ್ಮಲ್ಲಿಗೆ ಕರಕೊಂಡು ಹೋಗಿದ್ದರೆ ಬದುಕುತ್ತಿದ್ದರಾ? ಗೊತ್ತಿಲ್ಲ ಪುಟ್ಟೀ. ಗೊತ್ತಾಗುವ ದಾರಿಯೇ ಇಲ್ಲ. ಎಲ್ಲ ಸುರಿದೂ ಅವರು ಉಳಿಯಲಿಲ್ಲ ಅನ್ನುವುದಷ್ಟೇ ಗೊತ್ತು. ಅದಕ್ಕೇ ನಿನ್ನ ಸಾಲು ನನ್ನನ್ನು ಇಷ್ಟು ಕಲಕಿದ್ದು. ಜಾಸ್ತಿ ಖರ್ಚು ಮಾಡಿದರೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ ಅಂತ ನೀನು ನಂಬಿದ್ದೀಯ. ನನಗೆ ಹುಟ್ಟಿತು.

ರಿಟೈರ್ ಆದ ಮೇಲೆ ಲೈಬ್ರರಿಯಲ್ಲಿ ಕೂತು ಈ ವಿಷಯದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಉತ್ತರ ಹುಡುಕುತ್ತಿದ್ದೆ ಅಂತ ಕಾಣುತ್ತದೆ. ಆಸ್ಟ್ರಿಯಾ ದೇಶದ ವಿಯೆನ್ನಾದ ದೊಡ್ಡ ಆಸ್ಪತ್ರೆಯ ಕತೆಯನ್ನು ಟ್ರೇನಿಂಗಿನಲ್ಲೇ ಹೇಳಿಕೊಟ್ಟಿದ್ದರು. ವಯಸ್ಸಾದ ಮೇಲೆ ಓದಿದಾಗ ಬೇರೆ ಥರ ಕಂಡಿತು. ಅಲ್ಲಿ ಹೆರಿಗೆಗೆ ಎರಡು ವಿಭಾಗ ಇದ್ದವು. ಒಂದರಲ್ಲಿ ಡಾಕ್ಟರುಗಳು ಮತ್ತು ಕಲಿಯುವ ಹುಡುಗರು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಡಾಕ್ಟರುಗಳ ವಿಭಾಗದಲ್ಲಿ 100 ತಾಯಂದಿರಲ್ಲಿ 11 ಜನ ಸತ್ತರು. ಸೂಲಗಿತ್ತಿಯರ ವಿಭಾಗದಲ್ಲಿ ಸತ್ತವರು 3ಕ್ಕಿಂತ ಕಡಿಮೆ. ಮೊದಲನೆಯ ವಿಭಾಗಕ್ಕೆ ಕಳಿಸಬೇಡಿ ಅಂತ ಹೆಂಗಸರು ಕಾಲಿಗೆ ಬೀಳುತ್ತಿದ್ದರಂತೆ. ಜಾಸ್ತಿ ಓದಿದವರ ಕೈಯಲ್ಲೇ ಜಾಸ್ತಿ ಸಾವು! ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರು ಕಾರಣ ಹುಡುಕಿದರು. ಆ ವಿಭಾಗದ ಡಾಕ್ಟರುಗಳು, ಕಲಿಯುವ ಹುಡುಗರು ಹೆಣ ಕೊಯ್ದ ಕೈಯಲ್ಲೇ ಬಂದು ಹೆರಿಗೆ ಮಾಡಿಸುತ್ತಿದ್ದರು. 1847ರಲ್ಲಿ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಲೇಬೇಕು ಅಂತ ಮಾಡಿದರು. ಸಾವು ಇಳಿದೇ ಹೋಯಿತು.

ಅದೇ ಆಸ್ಪತ್ರೆ, ಅದೇ ಊರಿನ ಹೆಂಗಸರು. ಬದಲಾದದ್ದು ಕೈ ತೊಳೆಯುವ ಅಭ್ಯಾಸ. ಹೋಗಿ ನೋಡುವಾಗ ನೀನು ನೆಲದ ಹೊಳಪು ನೋಡುತ್ತೀಯ, ನಾನೂ ಅದನ್ನೇ ನೋಡಿದೆ. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವ ಮುಂಚೆ ನರ್ಸು, ಡಾಕ್ಟರು ಕೈ ತೊಳೆಯುತ್ತಾರಾ ಅಂತ ಹತ್ತು ನಿಮಿಷ ನಿಂತು ನೋಡು. ಎರಡು ಕಡೆಯೂ ನೋಡು.

ಇನ್ನೊಂದು ಓದಿದ್ದು ಕೆನೆತ್ ಆರೋ ಅನ್ನುವ ಅರ್ಥಶಾಸ್ತ್ರದವರ ವಿಚಾರ. 1963ರಲ್ಲಿ ಅವರು ಬರೆದದ್ದರ ತಿರುಳು ಇಷ್ಟು. ಚಿಕಿತ್ಸೆ ಕೊಳ್ಳುವುದು ಬೇರೆ ಸಾಮಾನು ಕೊಂಡ ಹಾಗಲ್ಲ. ಏನು ಬೇಕು ಅನ್ನುವುದು ಡಾಕ್ಟರಿಗೆ ಗೊತ್ತಿರುವಷ್ಟು ರೋಗಿಗೆ ಗೊತ್ತಿರುವುದಿಲ್ಲ, ನಂಬಲೇಬೇಕು. ಅದನ್ನು ಓದಿದಾಗ ಆ 22 ದಿನದ ಸಹಿಗಳೆಲ್ಲ ಕಣ್ಣ ಮುಂದೆ ಬಂದವು. ನಾನು ನರ್ಸಾಗಿದ್ದೂ ಬರೀ ಗಿರಾಕಿ ಆಗಿಬಿಟ್ಟಿದ್ದೆ. ಮಾಡಿದ ಒಂದೊಂದಕ್ಕೂ ಬಿಲ್ ಆಗುವ ಕಡೆ, ಒಳ್ಳೆಯ ಡಾಕ್ಟರೂ ಗೊತ್ತಿಲ್ಲದ ಹಾಗೆ ಒಂದು ಜಾಸ್ತಿಯೇ ಮಾಡುವ ಕಡೆಗೆ ವಾಲುತ್ತಾರೆ. ಹಾಗಂತ ಎಲ್ಲರೂ ದುಡ್ಡಿಗೆ ಬಿದ್ದವರು ಅಂತಲ್ಲ. ಅಲ್ಲಿಯೂ ನಾನು ಒಳ್ಳೆಯ ಮಕ್ಕಳನ್ನು ನೋಡಿದ್ದೇನೆ.

ಇದನ್ನು ಓದಿ ಅತ್ತೆ ಸರ್ಕಾರಿ ಆಸ್ಪತ್ರೆ ಪರ ವಕಾಲತ್ತು ಮಾಡುತ್ತಿದ್ದಾಳೆ ಅಂದುಕೊಳ್ಳಬೇಡ. ಸಂಬಳದ ಡಾಕ್ಟರಿಗೆ ಜಾಸ್ತಿ ಮಾಡುವ ಆಸೆ ಇಲ್ಲ, ಸರಿ. ಬೇಗ ಮಾಡುವ ಅವಸರವೂ ಇಲ್ಲ. ಖಾಸಗಿಯಲ್ಲಿ ದುಡ್ಡಿಲ್ಲದವರು ಬಾಗಿಲಲ್ಲೇ ಉಳಿಯುತ್ತಾರೆ, ನಮ್ಮಲ್ಲಿ ಎಲ್ಲರೂ ಸಾಲಿನಲ್ಲಿ ನಿಲ್ಲುತ್ತಾರೆ. ಆ ಸಾಲಿನಲ್ಲೂ ಜನ ಸಾಯುತ್ತಾರೆ. ಒಬ್ಬಳು ಹೆಂಗಸಿಗೆ ನಾನೇ "ಮುಂದಿನ ತಿಂಗಳು ಬನ್ನಿ, ಅಷ್ಟರಲ್ಲಿ ಪಟ್ಟಿಯಲ್ಲಿ ಮೇಲೆ ಬಂದಿರುತ್ತೀರಿ" ಅಂತ ಚೀಟಿ ಕೊಟ್ಟು ಕಳಿಸಿದ್ದೆ. ಮುಂದಿನ ತಿಂಗಳು ಆಕೆಯ ಗಂಡ ಒಬ್ಬನೇ ಬಂದ. ಚೀಟಿ ವಾಪಸ್ ಕೊಡಲು ಬಂದಿದ್ದ. ಬೇರೆಯವರಿಗೆ ಆ ಜಾಗ ಸಿಗಲಿ ಅಂದ. ಆ ಮನುಷ್ಯನ ಮುಖ ನನ್ನ ಕಣ್ಣಿಂದ ಹೋಗಿಲ್ಲ.

ಹಾಗಾಗಿ ನಿನ್ನಪ್ಪನ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಕಾಯಬಹುದಾ ಅನ್ನುವುದನ್ನು. ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಆರು ವಾರ ಬಿಟ್ಟು ದಿನ ಕೊಟ್ಟಿದ್ದಾರೆ ಅಂತ ನಿನ್ನ ಅಣ್ಣ ಹೇಳಿದ. ಆರು ವಾರ ಈ ಹೃದಯ ತಡೆಯುತ್ತಾ, ಅಷ್ಟರೊಳಗೆ ಏನಾದರೆ ತಕ್ಷಣ ಓಡಿ ಬರಬೇಕು ಅಂತ ಡಾಕ್ಟರ ಬಾಯಿಂದಲೇ ಕೇಳು. ತಡೆಯಲ್ಲ ಅಂದರೆ ಎರಡು ಮಾತಿಲ್ಲ, ಖಾಸಗಿಗೇ ಹೋಗು, ನನ್ನ ಹತ್ತಿರ ಇರುವುದೂ ನಿನ್ನದೇ. ತಡೆಯುತ್ತೆ ಅಂದರೆ ಆ ಆರು ವಾರಕ್ಕೆ ಹೆದರಿ ಮನೆ ಅಡ ಇಡಬೇಡ. ಹೀಗೆ ದೂರದಲ್ಲಿ ಕೂತು ಹೇಳುವುದು ಸುಲಭ, ನನಗೂ ಗೊತ್ತು.

ಬೈಪಾಸ್ ಅಂದರೆ ಕೈಗೆ ಅಭ್ಯಾಸ ಇರಬೇಕಾದ ಕೆಲಸ. ವರ್ಷಕ್ಕೆ ಎಷ್ಟು ಮಾಡುತ್ತೀರಿ ಅಂತ ಕೇಳಿದರೆ ಯಾವ ಒಳ್ಳೆಯ ಸರ್ಜನ್ನೂ ತಪ್ಪು ತಿಳಿಯುವುದಿಲ್ಲ. ಆಪರೇಷನ್ ಆದ ರಾತ್ರಿ ಐಸಿಯುನಲ್ಲಿ ಯಾರಿರುತ್ತಾರೆ, ಅದನ್ನೂ ಕೇಳು. ನಾನು ಕೇಳಲಿಲ್ಲವಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಮತ್ತೆ ನಿನ್ನ ಸಾಲಿಗೇ ಬರುತ್ತೇನೆ. ಬ್ರಿಟನ್ನಿನ ವೇಲ್ಸ್‌ನ ಗಣಿ ಕೆಲಸದವರ ಹಳ್ಳಿಯಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಅನ್ನುವ ಡಾಕ್ಟರು ಇದ್ದರು. ಯಾರಿಗೆ ಚಿಕಿತ್ಸೆ ಜಾಸ್ತಿ ಬೇಕೋ ಅವರಿಗೇ ಕಡಿಮೆ ಸಿಗುತ್ತದೆ, ಮಾರುಕಟ್ಟೆಗೆ ಬಿಟ್ಟಷ್ಟೂ ಅದು ಹೆಚ್ಚಾಗುತ್ತದೆ ಅಂತ 1971ರಲ್ಲಿ ಬರೆದರು. ನಮ್ಮ ವಾರ್ಡಿನಲ್ಲಿ ನಾನು ಕಂಡದ್ದೂ ಅದೇ. ಮಾತು ಬಲ್ಲವರು, ಜೋರು ಮಾಡಿ ಕೇಳುವವರು ಒಬ್ಬೊಬ್ಬರಾಗಿ ಖಾಸಗಿಗೆ ಹೋದರು. ಉಳಿದವರು ಕೈ ಮುಗಿದು ಕಾಯುವವರು. ಕೆಟ್ಟ ಫ್ಯಾನಿನ ಬಗ್ಗೆ, ರಾತ್ರಿ ಒಬ್ಬಳೇ ನರ್ಸಿನ ಬಗ್ಗೆ ಕೇಳುವವರೇ ಇಲ್ಲವಾಯಿತು. ನಿನ್ನ ಮಾವನನ್ನು ಕರಕೊಂಡು ಹೋದ ದಿನ ನಾನೂ ಹಾಗೆ ಹೋದವಳೇ. ಹಾಗಂತ ವಾರ್ಡು ಸುಧಾರಿಸಲಿ ಅಂತ ನಿನ್ನಪ್ಪನನ್ನು ಅಲ್ಲಿಗೆ ಸೇರಿಸು ಅಂತ ಖಂಡಿತ ಹೇಳಲ್ಲ. ಮಗಳಿಗೆ ಯಾರೂ ಹಾಗೆ ಹೇಳಬಾರದು.

ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ಎಲ್ಲರಿಗೂ ಆಸ್ಪತ್ರೆ ಪುಕ್ಕಟೆ ಆಯಿತು. ಅದನ್ನು ತಂದ ಮಂತ್ರಿ ಬೆವನ್, ಕನ್ನಡಕಕ್ಕೂ ಕಟ್ಟುವ ಹಲ್ಲಿಗೂ ದುಡ್ಡು ಕೇಳಬೇಕು ಅಂತ ಸರ್ಕಾರ ಹೊರಟಾಗ 1951ರಲ್ಲಿ ಖುರ್ಚಿ ಬಿಟ್ಟು ಎದ್ದರು. ಮೂರೇ ವರ್ಷಕ್ಕೆ ದುಡ್ಡಿನ ಜಗಳ ಶುರುವಾಗಿತ್ತು ನೋಡು. ಆದರೂ ಆ ಜಗಳ ಸರ್ಕಾರದಲ್ಲಿ ಕೂತವರ ತಲೆನೋವಾಗಿತ್ತು. ಅಪ್ಪನ ಹಾಸಿಗೆ ಪಕ್ಕ ಕೂತ ಮಗಳು ಒಬ್ಬಳೇ ಹೊರಬೇಕಾಗಿರಲಿಲ್ಲ. ನೀನು ಬರೆದ ಸಾಲು ನಿನ್ನ ತಪ್ಪಿನಿಂದ ಹುಟ್ಟಿದ್ದಲ್ಲ ಪುಟ್ಟೀ. ಒಂದು ಮನೆ ಹೊರಲಾರದ ಭಾರವನ್ನು ಆ ಮನೆಯ ಮೇಲೇ ಹಾಕಿದಾಗ ಅಂಥ ಸಾಲು ಹುಟ್ಟುತ್ತದೆ.

ನಿನ್ನಪ್ಪನ ಹತ್ತಿರ ಈ ಭಯದ ಮಾತು ಆಡಿದ್ದೀಯಾ? ನಾನು ಮಾವನನ್ನು ಒಂದು ಸಲವೂ "ನಿಮಗೆ ಎಲ್ಲಿ ಇಷ್ಟ?" ಅಂತ ಕೇಳಲಿಲ್ಲ. ಮಧ್ಯೆ ಮೂರು ನಾಲ್ಕು ದಿನ ಚೆನ್ನಾಗಿ ಮಾತಾಡುತ್ತಿದ್ದರು, ಆಗಲೂ ಕೇಳಲಿಲ್ಲ. ನೀನು ಕೇಳು. ನಿನ್ನಪ್ಪ ಚಿಕ್ಕಂದಿನಿಂದಲೂ ಮೊಂಡ, ಏನಾದರೂ ಹೇಳಿಯೇ ಹೇಳುತ್ತಾನೆ.

ಹಳೆಯ ಇಸಿಜಿ, ಆಂಜಿಯೋಗ್ರಾಮ್ ಎಲ್ಲದರ ಒಂದೊಂದು ಪ್ರತಿ ನಿನ್ನ ಹತ್ತಿರ ಇರಲಿ. ದಿನ ಗೊತ್ತಾದ ತಕ್ಷಣ ಫೋನ್ ಮಾಡು, ಹಿಂದಿನ ದಿನವೇ ಬರುತ್ತೇನೆ. ಯಾವ ಆಸ್ಪತ್ರೆಯಾದರೂ ಸರಿ. ಹಗಲು ನೀವು ಮಕ್ಕಳು ಇರಿ, ರಾತ್ರಿ ನನಗೆ ಬಿಡಿ. ಎರಡು ಗಂಟೆಗೊಮ್ಮೆ ಎಚ್ಚರವಾಗುವ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ.

ನಿನ್ನ ಅತ್ತೆ